ಅಜ್ಜನ ರೇಡಿಯೊದ ಡಯಲ್ ತುಂಬಾ ಗೀರು: ಉಜ್ಜಿ ತೆಗೆಯಬಹುದಾ?

ಕುಣಿಮಗ್ಗ (ಇಳಕಲ್)

ಎಲ್ಲರಿಗೂ ನಮಸ್ಕಾರ ರೀ. ಒಂದು ಸಣ್ಣ ಕೆಲಸಕ್ಕೆ ಕೈ ಹಾಕಿ ಅರ್ಧ ಕೆಡಿಸಿಕೊಂಡು ಕೂತಿದ್ದೇನೆ. ಇನ್ನರ್ಧ ಕೆಡುವ ಮೊದಲು ತಿಳಿದವರನ್ನು ಕೇಳೋಣ ಅಂತ ಬಂದೆ.

ನಮ್ಮದು ನೇಕಾರರ ಮನೆ. ಅಜ್ಜ 1982ರಲ್ಲಿ ಒಂದು ಟ್ರಾನ್ಸಿಸ್ಟರ್ ರೇಡಿಯೊ ಕೊಂಡಿದ್ದರು. ಅಂಚೆ ಕಚೇರಿಯಿಂದ ಕೊಟ್ಟ ಅದರ ಲೈಸೆನ್ಸ್ ಪುಸ್ತಕ ಇನ್ನೂ ಟ್ರಂಕಿನಲ್ಲಿದೆ. ಕುಣಿಮಗ್ಗದ ಪಕ್ಕದ ಗೋಡೆಗೆ ಮೊಳೆ ಹೊಡೆದು ತೂಗು ಹಾಕಿದ್ದರು. ಅಜ್ಜ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಲಾಳಿ ಓಡುತ್ತಿರಬೇಕು, ರೇಡಿಯೊ ಮಾತಾಡುತ್ತಿರಬೇಕು. ಎರಡರಲ್ಲಿ ಒಂದು ನಿಂತರೂ ಮನೆಯವರೆಲ್ಲ ತಿರುಗಿ ನೋಡುತ್ತಿದ್ದೆವು. ಅಜ್ಜ ತೀರಿಕೊಂಡು ಹನ್ನೊಂದು ವರ್ಷ ಆಯಿತು. ಮೊನ್ನೆ ದೀಪಾವಳಿಗೆ ಅಟ್ಟ ಸ್ವಚ್ಛ ಮಾಡುವಾಗ ಅವ್ವನ ಕೈಗೆ ರೇಡಿಯೊ ಸಿಕ್ಕಿತು. ಹಳೆ ಧೋತರದ ತುಂಡಿನಲ್ಲಿ ಸುತ್ತಿತ್ತು.

ಸೆಲ್ ಹಾಕಿದರೆ ಗುರ್ ಅನ್ನುತ್ತದೆ. ಮುಳ್ಳು ಓಡಿಸುವ ದಾರ ಹರಿದಿದೆ, ಅದು ಬೇರೆ ಕತೆ. ಈಗ ನನ್ನ ತಲೆನೋವು ಗೀರುಗಳದ್ದು.

ಮುಂದೆ ಡಯಲ್ ಮೇಲಿನ ಪಾರದರ್ಶಕ ಪ್ಲಾಸ್ಟಿಕ್ ಪೂರ್ತಿ ಮಬ್ಬಾಗಿದೆ. ಬಿಸಿಲಿಗೆ ಹಿಡಿದರೆ ಜೇಡರ ಬಲೆ ಕಂಡ ಹಾಗೆ ಕಾಣುತ್ತದೆ. ಇದಕ್ಕೆ ಕಾರಣ ನನಗೆ ಗೊತ್ತು. ಅಜ್ಜ ದಿನಾ ಬೆಳಿಗ್ಗೆ ಕೆಲಸಕ್ಕೆ ಕೂರುವ ಮೊದಲು ನೂಲಿನ ಚಿಂದಿಯಿಂದ ರೇಡಿಯೊ ಒರೆಸುತ್ತಿದ್ದರು. ಆ ಚಿಂದಿಯಲ್ಲಿ ಒಣಗಿದ ಗಂಜಿ, ಮೇಲೆ ಮನೆಯ ಧೂಳು. ಪ್ರೀತಿಯಿಂದ ಒರೆಸಿ ಒರೆಸಿಯೇ ಇಷ್ಟು ಗೀರು! ಇವಲ್ಲದೆ 70 ಮತ್ತು 80ರ ನಡುವೆ ಒಂದು ಆಳವಾದ ಗೀರಿದೆ. ಉಗುರು ಸಿಕ್ಕಿಕೊಳ್ಳುತ್ತದೆ. ಪಕ್ಕದ ಕರಿ ಮೈ ನುಣುಪಾಗಿದೆ, ಅಲ್ಲೂ ಗೀರುಗಳಿವೆ. ಹಿಂದಿನ ಮುಚ್ಚಳ ಮಾತ್ರ ತರಿತರಿ.

ಇನ್ನು ನನ್ನ ಪ್ರತಾಪ. ಮೊದಲು ಟೂತ್‌ಪೇಸ್ಟ್ ಹಚ್ಚಿ ಅರ್ಧ ತಾಸು ಉಜ್ಜಿದೆ. ಸ್ವಲ್ಪ ತಿಳಿಯಾಯಿತು, ಇಲ್ಲ ಅನ್ನಲ್ಲ. ಆದರೆ ಕೈ ಬಿದ್ದು ಹೋಯಿತು. ಆಮೇಲೆ ಯಾರೋ ವಿಡಿಯೊದಲ್ಲಿ ಹೇಳಿದರು ಅಂತ ವೈನಿಯ ನೇಲ್ ಪಾಲಿಶ್ ರಿಮೂವರ್ ತಂದು ಹಿಂದಿನ ಮುಚ್ಚಳದ ಕೆಳಮೂಲೆಗೆ ಹಚ್ಚಿ ನೋಡಿದೆ. ಎರಡು ಸಲ ಒರೆಸಿದ್ದಷ್ಟೇ. ಹತ್ತಿ ಅಂಟಿಕೊಂಡಿತು. ಬಿಡಿಸೋಣ ಅಂತ ಹೆಬ್ಬೆರಳು ಒತ್ತಿದೆ. ಈಗ ಆ ಮೂಲೆಯಲ್ಲಿ ನನ್ನ ಹೆಬ್ಬೆಟ್ಟಿನ ಗುರುತು ರೇಖೆ ರೇಖೆಯಾಗಿ ಅಚ್ಚೊತ್ತಿದೆ, ಜೊತೆಗೆ ನಾಲ್ಕು ಎಳೆ ಹತ್ತಿ. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲೂ ಇಷ್ಟು ಚಂದ ಬಿದ್ದಿರಲಿಲ್ಲ.

ಡಯಲ್ ತಿಳಿ ಆಗುವ ದಾರಿ ಇದೆಯಾ? ಆ ಆಳದ ಗೀರಿಗೆ ಏನು ಮಾಡಲಿ? ಹೆಬ್ಬೆಟ್ಟಿಗೆ ಏನಾದರೂ ಔಷಧ ಇದೆಯಾ?

ಖಡೇಬಜಾರ್ ಹುಡುಗ (ಬೆಳಗಾವಿ)

ಅಣ್ಣಾ, ನನ್ನದು ಮೊಬೈಲ್ ರಿಪೇರಿ ಅಂಗಡಿ. ದಿನಕ್ಕೆ ನಾಲ್ಕು ಜನ ಇದನ್ನೇ ಕೇಳಿಕೊಂಡು ಬರುತ್ತಾರೆ. ನಾನು ಹೇಳುವುದು ಒಂದೇ: ಉಜ್ಜಬೇಡಿ, ಹಿಂದಿನ ಪ್ಯಾನೆಲ್ ಬದಲಿಸಿ, ಇಲ್ಲಾ ಸ್ಕಿನ್ ಅನ್ನುವ ತೆಳ್ಳನೆ ಸ್ಟಿಕ್ಕರ್ ಅಂಟಿಸಿ. ಈಗಿನ ಫೋನಿನ ಪ್ಲಾಸ್ಟಿಕ್ ಮೇಲೆ ಬಣ್ಣ ಇರುತ್ತದೆ, ಅದರ ಮೇಲೆ ಇನ್ನೊಂದು ತೆಳ್ಳನೆ ಲೇಪ. ಉಜ್ಜಿದರೆ ಗೀರಿಗಿಂತ ಮೊದಲು ಲೇಪ ಹೋಗುತ್ತದೆ. ಹಳೆ ನೋಕಿಯಾ ಲೂಮಿಯಾ 800 ನೆನಪಿದೆಯಾ? ಅದು ಪಾಲಿಕಾರ್ಬೊನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್, ಬಣ್ಣ ಮೈಯೊಳಗೇ ಬೆರೆತಿತ್ತು. ಗೀರು ಬಿದ್ದರೂ ಒಳಗೂ ಅದೇ ಬಣ್ಣ. ಅಂಥದ್ದನ್ನು ಉಜ್ಜಿದರೆ ಒಂದು ಅರ್ಥ ಇತ್ತು.

ರಬ್ಬರಿನ ಹಾಗೆ ಮೆತ್ತಗಿರುವ ಲೇಪ ಇರುತ್ತದಲ್ಲ, ಹಳೆ ಮೌಸ್, ರೇಡಿಯೊಗಳ ಮೇಲೆ, ಅದು ವರ್ಷ ಕಳೆದ ಮೇಲೆ ಬೆಲ್ಲದ ಪಾಕದಂತೆ ಜಿಗುಟಾಗುತ್ತದೆ. ಅದನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಪೂರ್ತಿ ಒರೆಸಿ ತೆಗೆದುಬಿಡುವುದೇ ಒಳ್ಳೆಯದು. ನಿಮ್ಮದಕ್ಕೆ ಅದು ಸಂಬಂಧ ಇಲ್ಲ ಅನ್ನಿ.

ರೇಡಿಯೊಗೆ ಚಂದದ ಸ್ಟಿಕ್ಕರ್ ಅಂಟಿಸಿ ಶೋಕೇಸಿನಲ್ಲಿ ಇಡಿ. ಆ ಹೆಬ್ಬೆಟ್ಟು ಮಾತ್ರ ತೆಗೆಯಬೇಡಿ, ನಕ್ಕು ನಕ್ಕು ಸಾಕಾಯಿತು.

ಕೆಂಪುಕಲ್ಲು (ಇಳಕಲ್)

ತಮ್ಮಾ, ನೀನು ನಮ್ಮೂರವನೇ ಆದೆಯಲ್ಲ. ನೇಲ್ ಪಾಲಿಶ್ ರಿಮೂವರ್ ಹಚ್ಚುವ ಮೊದಲು ಯಾವ ಗ್ರಾನೈಟ್ ಪಾಲಿಶ್ ಘಟಕದ ಮುಂದೆ ನಿಂತು ಕೇಳಿದ್ದರೂ ಬೈದು ಕಳಿಸುತ್ತಿದ್ದರು. ನಾನು ಇಪ್ಪತ್ತಾರು ವರ್ಷ ಕೆಂಪು ಗ್ರಾನೈಟ್ ಉಜ್ಜಿದವನು. ಕಲ್ಲು ಗಟ್ಟಿ, ಪ್ಲಾಸ್ಟಿಕ್ ಮೆತ್ತಗೆ. ಆದರೆ ಪಾಲಿಶ್ ಮಾಡುವ ಬುದ್ಧಿ ಎರಡಕ್ಕೂ ಒಂದೇ.

ಗೀರನ್ನು ಯಾರೂ ತೆಗೆಯಲಾರರು. ಅದರ ಸುತ್ತಲಿನದನ್ನು ಗೀರಿನ ತಳದ ಮಟ್ಟಕ್ಕೆ ಇಳಿಸುತ್ತೇವೆ, ಅಷ್ಟೇ. ಅದಕ್ಕೇ ಆಳ ನೋಡಿಕೊಂಡು ಕೆಲಸ ಶುರು ಮಾಡಬೇಕು. ಉಗುರು ಆಡಿಸು. ಸಿಗಲಿಲ್ಲ ಅಂದರೆ ಮರಳು ಕಾಗದ ಬೇಡ, ಬರೀ ಪಾಲಿಶ್ ಸಾಕು. ಇನ್ನೊಂದು ಪರೀಕ್ಷೆ ಇದೆ. ಡಯಲ್ ಮೇಲೆ ಒದ್ದೆ ಬೆರಳು ಸವರು. ನೀರಿದ್ದಷ್ಟು ಹೊತ್ತು ಮಬ್ಬು ಮಾಯ ಆಯಿತಾ? ಹಾಗಾದರೆ ಪಾಲಿಶ್ ಆದ ಮೇಲೆ ಹೆಚ್ಚುಕಡಿಮೆ ಹಾಗೆಯೇ ಕಾಣುತ್ತದೆ. ನಾವು ಗಿರಾಕಿಗೆ ಒರಟು ಕಲ್ಲು ತೋರಿಸುವಾಗ ಒಂದು ತಂಬಿಗೆ ನೀರು ಸುರಿಯುತ್ತೇವಲ್ಲ, ಅದೇ ಉಪಾಯ.

ಈಗ ಸಾಮಾನು. ಹಾರ್ಡ್‌ವೇರ್ ಅಂಗಡಿಯಲ್ಲಿ ವಾಟರ್ ಪೇಪರ್ ಕೇಳು, ನೀರು ಹಾಕಿ ಉಜ್ಜುವ ಮರಳು ಕಾಗದ. 1000, 1500, 2000 ನಂಬರಿನವು ಒಂದೊಂದು ಹಾಳೆ. ನಂಬರು ದೊಡ್ಡದಾದಷ್ಟು ನಯ. ಗಾಡಿ ಬಣ್ಣದ ಅಂಗಡಿಯಲ್ಲಿ ರಬ್ಬಿಂಗ್ ಕಾಂಪೌಂಡ್, ಅಂದರೆ ಉಜ್ಜಿ ಹೊಳಪು ತರುವ ಪೇಸ್ಟು, ಚಿಕ್ಕ ಡಬ್ಬಿ ಸಾಕು. ಮಂಕಾದ ಕಾರ್ ಹೆಡ್‌ಲೈಟ್ ತಿಳಿ ಮಾಡುವುದೂ ಇದರಿಂದಲೇ, ಅದೂ ಪ್ಲಾಸ್ಟಿಕ್ಕೇ. ಮನೆಯಿಂದ ತೊಳೆದ ಹಳೆ ಬನಿಯನ್ ತೆಗೆದುಕೋ. ನೂಲಿನ ಚಿಂದಿ ಮುಟ್ಟಿದರೆ ನೋಡು!

ಡಯಲ್ ಪ್ಲಾಸ್ಟಿಕ್ಕನ್ನು ಬಿಚ್ಚಲು ಬಂದರೆ ಬಿಚ್ಚು. ಬರಲಿಲ್ಲ ಅಂದರೆ ಒತ್ತಾಯ ಬೇಡ, ಹಳೇದು ಚಟ್ ಅಂತ ಸೀಳುತ್ತದೆ. ಸೆಲ್ ತೆಗೆದಿಡು. ಸ್ಪೀಕರ್ ಜಾಲರಿ, ಸಂದುಗಳಿಗೆ ಟೇಪು ಹಚ್ಚು. ಒಳಗೆ ಕೆಸರು ಇಳಿದರೆ ಮತ್ತೊಂದು ಪ್ರಶ್ನೆ ಬರೆಯಬೇಕಾಗುತ್ತದೆ ನೀನು.

ಕಾಗದವನ್ನು ಬೆರಳಿಗೆ ಸುತ್ತಬೇಡ. ಬೆರಳು ಒತ್ತಿದಲ್ಲಿ ತಗ್ಗು ಬೀಳುತ್ತದೆ, ಆಮೇಲೆ ಅಕ್ಷರ ಅಲೆ ಅಲೆಯಾಗಿ ಕಾಣುತ್ತವೆ. ಶಾಲೆ ಮಕ್ಕಳ ರಬ್ಬರ್ ಇರುತ್ತದಲ್ಲ, ಅದಕ್ಕೆ ಸುತ್ತು. ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಹಾಕಿದ ನೀರು ಬಟ್ಟಲಲ್ಲಿ ಇಟ್ಟುಕೋ, ಆಗಾಗ ಅದ್ದು. ಮೊದಲ ನಂಬರು ಅಡ್ಡ ಉಜ್ಜಿದರೆ ಮುಂದಿನದು ಉದ್ದ ಉಜ್ಜು. ಹಿಂದಿನ ನಂಬರಿನ ಗೆರೆ ಪೂರ್ತಿ ಹೋದವಾ ಅಂತ ಆಗ ಮಾತ್ರ ಗೊತ್ತಾಗುತ್ತದೆ. ಅವು ಹೋಗುವ ಮೊದಲೇ ಮುಂದಿನ ನಂಬರಿಗೆ ಹಾರಿದೆಯೋ, ಕೊನೆಗೆ ಪಾಲಿಶ್ ಹೊಡೆದ ಮೇಲೆ ಅದೇ ಗೆರೆ ಹೊಳೆಯುತ್ತಾ ನಿನ್ನನ್ನು ಅಣಕಿಸುತ್ತದೆ. ನಮ್ಮಲ್ಲಿ ಹೊಸ ಹುಡುಗರು ಮಾಡುವ ತಪ್ಪು ಇದೊಂದೇ. ಅವಸರ. ಒಂದು ನಂಬರು ಮುಗಿದ ಮೇಲೆ ಬಟ್ಟಲ ನೀರು ಚೆಲ್ಲಿ ಹೊಸ ನೀರು ಹಾಕು. ಹಳೆ ನೀರಿನಲ್ಲಿ ಒರಟು ಕಾಳು ಒಂದು ಉಳಿದರೂ ಸಾಕು, ಕೆಲಸ ಮೊದಲಿನಿಂದ.

2000 ಮುಗಿದಾಗ ಡಯಲ್ ಮೊದಲಿಗಿಂತ ಜಾಸ್ತಿ ಮಬ್ಬಾಗಿ, ಹಾಲು ಚೆಲ್ಲಿದ ಹಾಗೆ ಕಾಣುತ್ತದೆ. ಹೆದರಬೇಡ. ಕಡಲೆ ಕಾಳಿನಷ್ಟು ಕಾಂಪೌಂಡ್ ಬನಿಯನ್ನಿಗೆ ಹಚ್ಚಿ ಸಣ್ಣ ಸಣ್ಣ ಸುತ್ತು ಹಾಕು. ಹಗುರ ಕೈ. ಡ್ರಿಲ್ಲಿಗೆ ಪಾಲಿಶ್ ಮಾಡುವ ಬಟ್ಟೆ ಚಕ್ರ (ಬಫ್) ಸಿಕ್ಕಿಸುವ ಆಸೆ ಬೇಡ. ನಾನೇ ಒಂದು ಸಲ ಟಾರ್ಚಿನ ಪ್ಲಾಸ್ಟಿಕ್ ಗಾಜಿಗೆ ಹಾಗೆ ಮಾಡಿ ಹಾಳು ಮಾಡಿದ್ದೇನೆ. ಪ್ಲಾಸ್ಟಿಕ್ ಬಿಸಿಯಾದರೆ ಮೆತ್ತಗಾಗುತ್ತದೆ, ಪುಡಿ ಒಳಗೇ ಹೂತುಕೊಳ್ಳುತ್ತದೆ. ಕಲ್ಲಿಗೂ ನೀರು ಬಿಡುತ್ತಲೇ ಉಜ್ಜುವುದು, ಸುಮ್ನೆ ಅಲ್ಲ.

ನಿನ್ನ ಟೂತ್‌ಪೇಸ್ಟ್ ತಪ್ಪಲ್ಲ. ಅದರಲ್ಲೂ ಸೀಮೆಸುಣ್ಣದಂಥ ಪುಡಿಯೋ ಸಿಲಿಕಾವೋ ಇರುತ್ತದೆ. ಆದರೆ ಅದು ಹಲ್ಲಿಗೆ ಮಾಡಿದ್ದು, ಕೂದಲೆಳೆಯಂಥ ಗೀರಿಗಷ್ಟೇ ಸಾಕು.

ಕುಣಿಮಗ್ಗ (ಇಳಕಲ್)

ಕಾಕಾ, ನಿಮ್ಮ ಬೈಗುಳ ಪ್ರಸಾದ ಅಂತ ತಿಳಿದೆ. ನೀರು ಸವರಿ ನೋಡಿದೆ. ಮಬ್ಬೆಲ್ಲ ಮಾಯ! ಅಂಕಿಗಳು ಹೊಸದರ ಹಾಗೆ ಕಂಡವು. ಅವ್ವನನ್ನು ಕರೆದು ತೋರಿಸುವಷ್ಟರಲ್ಲಿ ನೀರು ಆರಿ ಮತ್ತೆ ಮೊದಲಿನ ಹಾಗೇ ಆಯಿತು. ಆಳದ ಗೀರು ಮಾತ್ರ ನೀರಿಗೂ ಜಗ್ಗಲಿಲ್ಲ.

ಎರಡು ಸಂಶಯ. ಅಂಕಿಗಳು ಪ್ಲಾಸ್ಟಿಕ್ಕಿನ ಹೊರಗೆ ಇದ್ದರೆ ಅವೂ ಅಳಿಸಿ ಹೋಗುತ್ತವಲ್ಲ? ಮತ್ತೆ ಆ ಹೆಬ್ಬೆಟ್ಟಿನ ಮುಚ್ಚಳ?

ಗುಮ್ಮಟದೂರಿನ ಗಡಿಯಾರ (ವಿಜಯಪುರ)

ನಡುವೆ ಬಾಯಿ ಹಾಕುತ್ತಿದ್ದೇನೆ ರೀ. ನಮ್ಮ ಅಪ್ಪಾಜಿಯದು ಗಡಿಯಾರ ರಿಪೇರಿ ಅಂಗಡಿ, ಈಗ ನಾನೇ ಕೂರುತ್ತೇನೆ. ಹಳೆ ಎಚ್‌ಎಂಟಿ ಜನತಾ ಗಡಿಯಾರದ ಗಾಜು ನಿಜವಾಗಿ ಗಾಜಲ್ಲ, ಅಕ್ರಿಲಿಕ್ ಅನ್ನುವ ಪ್ಲಾಸ್ಟಿಕ್. ತಿಂಗಳಿಗೆ ಹತ್ತಾದರೂ ಉಜ್ಜುತ್ತೇನೆ. ಕಲ್ಲಿನ ಕಾಕಾ ಹೇಳಿದ್ದಕ್ಕೆ ಸೇರಿಸುವುದು ಕಡಿಮೆ.

ಅಂಕಿ ಒಳಗಿವೆಯೋ ಹೊರಗಿವೆಯೋ ತಿಳಿಯಲು ಓರೆಯಾಗಿ ನೋಡಿ. ಅಂಕಿಯ ಮೇಲೆ ಬೆಂಕಿಕಡ್ಡಿಯ ಮೊಂಡು ತುದಿ ಇಡಿ. ತುದಿಗೂ ಅಂಕಿಗೂ ನಡುವೆ ಪ್ಲಾಸ್ಟಿಕ್ಕಿನ ದಪ್ಪದಷ್ಟು ಸಂದು ಕಂಡರೆ ಒಳಗೆ ಅಚ್ಚಾಗಿವೆ, ಧೈರ್ಯವಾಗಿ ಉಜ್ಜಿ. ಸಂದು ಕಾಣದಿದ್ದರೆ ಹೊರಗಿವೆ, ಆಗ ಅಂಕಿ ಬಿಟ್ಟು ಖಾಲಿ ಜಾಗ ಮಾತ್ರ.

ಹೆಬ್ಬೆಟ್ಟಿಗೆ ಈಗ ಏನೂ ಮಾಡಬೇಡಿ. ಆ ರಿಮೂವರ್‌ನಲ್ಲಿರುವ ಅಸಿಟೋನ್ ಇಂಥ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ. ಎರಡು ಮೂರು ದಿನ ಮುಟ್ಟದೆ ಬಿಟ್ಟರೆ ಮತ್ತೆ ಗಟ್ಟಿಯಾಗುತ್ತದೆ. ಥಿನ್ನರ್, ಪೆಟ್ರೋಲ್, ಚಿಮಣಿ ಎಣ್ಣೆ ಯಾವುದೂ ಹತ್ತಿರ ಬೇಡ. ತರಿತರಿ ಮೈಯನ್ನು ಉಜ್ಜಿದರೆ ಗೀರು ಹೋಗುತ್ತದೆ, ಆದರೆ ತರಿಯೂ ಹೋಗಿ ಅಷ್ಟು ಜಾಗ ಬೋಳುತಲೆಯಂತೆ ಹೊಳೆಯುತ್ತದೆ. ಆ ತರಿ ಅಚ್ಚಿನಿಂದಲೇ ಬಂದದ್ದು, ನಾವು ಮತ್ತೆ ಮೂಡಿಸಲು ಆಗುವುದಿಲ್ಲ. ಹತ್ತಿ ಎಳೆ ಮಾತ್ರ ಬ್ಲೇಡಿನಿಂದ ಮೆಲ್ಲಗೆ ಕೆರೆದು ಬಿಟ್ಟುಬಿಡಿ. ಹಿಂದಿನ ಮೂಲೆ, ಗೋಡೆಗೆ ತೂಗು ಹಾಕಿದರೆ ಯಾರು ನೋಡುತ್ತಾರೆ?

ಕೆಲವರು ಬ್ರಾಸೋ ಹಚ್ಚಿ ಅನ್ನಬಹುದು. ಹಿತ್ತಾಳೆ ದೀಪಕ್ಕೆ ಸರಿ. ಅದರಲ್ಲಿ ಅಮೋನಿಯಾ ಇರುತ್ತದೆ, ಪಾಲಿಕಾರ್ಬೊನೇಟ್‌ಗೆ ಅದು ಆಗಿಬರುವುದಿಲ್ಲ. ಸ್ಕ್ರೂ ಬಿಗಿದ ಕಡೆ ಸಣ್ಣ ಸೀಳು ಬಿಡಬಹುದು. ಈಗಿನ ಸಾಮಾನಾದರೆ ಮುಚ್ಚಳದ ಒಳಗೆ ಎಬಿಎಸ್, ಪಿಸಿ (ಪಾಲಿಕಾರ್ಬೊನೇಟ್) ಅಂತ ಪ್ಲಾಸ್ಟಿಕ್ಕಿನ ಜಾತಿ ಅಚ್ಚು ಹಾಕಿರುತ್ತಾರೆ, ನೋಡಿಕೊಳ್ಳಬಹುದು. ನಿಮ್ಮದರಲ್ಲಿ ಇರಲಿಕ್ಕಿಲ್ಲ.

ನಾನು ಬರೆಯಲು ಬಂದದ್ದು ಬೇರೆ ವಿಷಯಕ್ಕೆ. ಆ 70, 80ರ ನಡುವಿನ ಗೀರು ನೆಟ್ಟಗಿದೆಯಾ? ಮೇಲಿನಿಂದ ಕೆಳಗೆ? ಯಾಕೆ ಕೇಳಿದೆ ಅಂದರೆ, ಹಳೆ ಗಡಿಯಾರ ಬಿಚ್ಚಿದಾಗ ಹಿಂದಿನ ಮುಚ್ಚಳದ ಒಳಮೈಯಲ್ಲಿ ಸಣ್ಣ ಸಣ್ಣ ಗೀಚು ಸಿಗುತ್ತವೆ. ಹಿಂದೆ ರಿಪೇರಿ ಮಾಡಿದವರು ಸೂಜಿಯಿಂದ ಬರೆದ ಗುರುತು. ಅಪ್ಪಾಜಿಯ ಅಕ್ಷರವೂ ಎಷ್ಟೋ ಸಲ ಸಿಕ್ಕಿದೆ. ಬಿದ್ದು ಆದ ಗೀರು ಒಂದು ತುದಿಯಲ್ಲಿ ಆಳ, ಇನ್ನೊಂದರಲ್ಲಿ ತೇಲಿ ಹೋಗಿರುತ್ತದೆ. ಕೈಯಿಂದ ಹಾಕಿದ್ದು ಉದ್ದಕ್ಕೂ ಒಂದೇ ಆಳ. ಮತ್ತೆ ಧಾರವಾಡ ಆಕಾಶವಾಣಿ 765 ಕಿಲೊಹರ್ಟ್ಸ್ ಅಲ್ವಾ? ಇಂಥ ಡಯಲ್‌ನಲ್ಲಿ ಕೊನೆಯ ಸೊನ್ನೆ ಬಿಟ್ಟು 700ಕ್ಕೆ 70, 800ಕ್ಕೆ 80 ಅಂತ ಬರೆದಿರುತ್ತಾರೆ, ಹಾಗಾಗಿ 70 ಮತ್ತು 80ರ ನಡುವೆಯೇ ಬರುತ್ತದೆ. ಉಜ್ಜುವ ಮೊದಲು ಮನೆಯಲ್ಲಿ ಹಿರಿಯರನ್ನು ಒಂದು ಮಾತು ಕೇಳಿ.

ಕುಣಿಮಗ್ಗ (ಇಳಕಲ್)

ಅಕ್ಕಾ, ನಿಮ್ಮದನ್ನು ಓದಿ ರೇಡಿಯೊ ಹಿಡಿದುಕೊಂಡು ಅಜ್ಜಿಯ ಹತ್ತಿರ ಹೋದೆ. ಅಜ್ಜಿಗೆ ಈಗ ಕಣ್ಣು ಅಷ್ಟಕ್ಕಷ್ಟೇ. ಡಯಲ್ ಮೇಲೆ ಬೆರಳಾಡಿಸಿ ಆ ಗೀರಿನ ಮೇಲೆ ನಿಲ್ಲಿಸಿದಳು. "ಇದು ನಾನ ಕೊರಸಿದ್ದು," ಅಂದಳು.

ಆದದ್ದು ಇಷ್ಟು. ಅಜ್ಜನಿಗೆ ಇಂಗ್ಲಿಷ್ ಅಂಕಿ ಓದಲು ಬರುತ್ತಿತ್ತು. ಬರದಿದ್ದುದು ಅಜ್ಜಿಗೆ. ಅಜ್ಜ ನೂಲು ತರಲು ಹೊರಗೆ ಹೋದ ದಿನ ಅಜ್ಜಿ ಮಗ್ಗಕ್ಕೆ ಕೂರುತ್ತಿದ್ದಳು. ಮುಳ್ಳನ್ನು ಎಲ್ಲಿ ನಿಲ್ಲಿಸಿದರೆ ಧಾರವಾಡ ಬರುತ್ತದೆ ಅಂತ ತಿಳಿಯುತ್ತಿರಲಿಲ್ಲ. ದಿನಾ ಕೇಳಿ ಕೇಳಿ ಬೇಸರ ಬಂದು, ಒಂದು ದಿನ ಅಜ್ಜನ ಮುಂದೆ ಬ್ಲೇಡು ಇಟ್ಟು "ಇಲ್ಲೇ ಒಂದು ಗೆರಿ ಹಾಕು" ಅಂದಳಂತೆ. ಹೊಸ ರೇಡಿಯೊಗೆ ಬ್ಲೇಡು ಹಾಕಲು ಅಜ್ಜನಿಗೆ ಮನಸ್ಸು ಬರಲಿಲ್ಲ, ಎರಡು ದಿನ ಮಾತು ಬಿಟ್ಟಿದ್ದರಂತೆ. ಮೂರನೆಯ ದಿನ ಗೆರೆ ಬಿತ್ತು.

ನಾನು ಇಷ್ಟು ದಿನ ಅದನ್ನೇ ಮೊದಲು ಉಜ್ಜಿ ತೆಗೆಯಬೇಕು ಅಂತ ಇದ್ದೆ ನೋಡಿ.

ಬೆಂಕಿಕಡ್ಡಿ ಪರೀಕ್ಷೆ ಮಾಡಿದೆ, ಅಂಕಿ ಒಳಗಿವೆ. ಕಾಕಾ, ಈಗ ಹೇಳಿ. ಗೆರೆ ಉಳಿಯಬೇಕು, ಸುತ್ತಲಿನ ಮಬ್ಬು ಹೋಗಬೇಕು. ಗೆರೆಯ ಮೇಲೆ ಟೇಪು ಹಚ್ಚಿ ಉಜ್ಜಲಾ?

ಕೆಂಪುಕಲ್ಲು (ಇಳಕಲ್)

ಟೇಪು ಬೇಡ. ಟೇಪಿನ ಅಂಚಿಗೆ ಮೆಟ್ಟಿಲು ಬೀಳುತ್ತದೆ, ಗೆರೆಯ ಎರಡೂ ಕಡೆ ಮಬ್ಬು ಪಟ್ಟಿ ಉಳಿಯುತ್ತದೆ. ನಿನ್ನ ಕೆಲಸ ಈಗ ಹಗುರಾಯಿತು. ಆಳದ ಗೀರಿಗೆಂದೇ 1000 ಹೇಳಿದ್ದೆ, ಅದನ್ನು ತೆಗೆಯುವುದಿಲ್ಲ ಅಂದ ಮೇಲೆ 1000, 1500 ಎರಡೂ ಬೇಡ. 2000 ಒಂದೇ, ಅದೂ ಹತ್ತು ನಿಮಿಷ. ಆಮೇಲೆ ಕಾಂಪೌಂಡ್. ಅಷ್ಟಕ್ಕೆ ಬ್ಲೇಡಿನ ಗೆರೆ ಜಗ್ಗುವುದಿಲ್ಲ. ಕಾಂಪೌಂಡ್ ಗೆರೆಯೊಳಗೆ ಕೂತರೆ ಹಲ್ಲುಕಡ್ಡಿಯಿಂದ ತೆಗೆದು ಸೋಪಿನ ನೀರಿನಲ್ಲಿ ಒರೆಸು.

ಮತ್ತೆ ಅಜ್ಜಿಗೆ ನಮಸ್ಕಾರ ಹೇಳು.

ಖಡೇಬಜಾರ್ ಹುಡುಗ (ಬೆಳಗಾವಿ)

ಸ್ಟಿಕ್ಕರ್ ಅಂಟಿಸಿ ಅಂದಿದ್ದೆ, ವಾಪಸ್ ತಗೊಂಡೆ ಅಣ್ಣಾ. ದಾರದ ಕೆಲಸಕ್ಕೆ ಒಂದು ಮಾತು: ಒಳಗಿನ ಚೌಕಟ್ಟು (ಚಾಸಿಸ್) ಬಿಚ್ಚುವ ಮೊದಲು ಹಳೆ ದಾರ ಯಾವ ರಾಟೆಗೆ ಎಷ್ಟು ಸುತ್ತಿದೆ ಅಂತ ಫೋಟೊ ತೆಗೆದಿಟ್ಟುಕೊಳ್ಳಿ. ಹರಿದಿದ್ದರೂ ಸುತ್ತು ಸ್ವಲ್ಪ ಉಳಿದಿರುತ್ತದೆ.

ಕುಣಿಮಗ್ಗ (ಇಳಕಲ್)

ಭಾನುವಾರ ಕೂತು ಮುಗಿಸಿದೆ. 2000 ಕಾಗದ ಹದಿನೈದು ನಿಮಿಷ ಆಯಿತು, ಕಾಂಪೌಂಡ್ ಒಂದು ತಾಸಿನ ಮೇಲೆ. ನಡುವೆ ಪೂರ್ತಿ ಬೆಳ್ಳಗಾದಾಗ ನಿಜವಾಗಿ ಎದೆ ಧಸಕ್ಕೆಂದಿತ್ತು, ಕಾಕಾ ಮೊದಲೇ ಹೇಳಿದ್ದರಿಂದ ಬಚಾವು. ಕೆಳಗಿನ ಎಡಮೂಲೆಯಲ್ಲಿ ಕೈ ಸರಿಯಾಗಿ ಹೋಗದೆ ಒಂದಿಷ್ಟು ಮಬ್ಬು ಉಳಿದಿದೆ. ಬಿಟ್ಟೆ. ಪಕ್ಕದ ಕರಿ ಮೈಗೆ ಬರೀ ಕಾಂಪೌಂಡ್ ಸಾಕಾಯಿತು, ಈಗ ಅದರಲ್ಲಿ ಟ್ಯೂಬ್‌ಲೈಟ್ ಕಾಣುತ್ತದೆ. ಮುಚ್ಚಳ ಮುಟ್ಟಲಿಲ್ಲ, ನನ್ನ ಹೆಬ್ಬೆಟ್ಟು ಅಲ್ಲೇ ಇದೆ.

ಗೆರೆಯೊಳಗೆ ಬಿಳಿ ಕಾಂಪೌಂಡ್ ಕೂತಿತ್ತು. ಹಲ್ಲುಕಡ್ಡಿ ತರಲು ಎದ್ದೆ. ಅಷ್ಟರಲ್ಲಿ ಅಜ್ಜಿ ರೇಡಿಯೊ ಕಣ್ಣ ಹತ್ತಿರ ಹಿಡಿದು, "ಈಗ ಕಾಣಸ್ತದ ನೋಡು," ಅಂದಳು. ಕರಿ ಡಯಲ್ ಮೇಲೆ ಬಳಪದಿಂದ ಎಳೆದ ಹಾಗೆ ಎದ್ದು ಕಾಣುತ್ತಿತ್ತು. ಹಲ್ಲುಕಡ್ಡಿ ವಾಪಸ್ ಇಟ್ಟೆ.

ದಾರ ನಾಳೆ ನೋಡುತ್ತೇನೆ. ಮುಳ್ಳು ಆ ಗೆರೆಯ ತನಕ ಬಂದರೆ ಸಾಕು.